ಇದು ನಮ್ಮ ಮನಿ ಐತಿ



ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೀಳಗಿಯ ನಮ್ಮ ಮನೆಗೆ ಬಂದು ಒಂದು ಸಂಜೆ ಕಳೆದನು. ಇಂಜಿನಿಯರನಾಗಿ ಮೊದಲು ಕೆಲವು ವರ್ಷ ರಷ್ಯದಲ್ಲಿದ್ದವನು, ಈಗ ದಕ್ಷಿಣ ಆಫ್ರಿಕದ ಸಮುದ್ರತೀರದ ಒಂದು ಪಟ್ಟಣದಲ್ಲಿದ್ದಾನೆ. ಭೂಗೋಳದ ತಾಸಿನಲ್ಲಿ ನಾವು ಪೋರ್ಟ್ ಎಲಿಜಬೆತ್ ಎಂದು ಓದಿದ ಊರು ಅದು. 2021ರಲ್ಲಿ ಅದಕ್ಕೆ ಅಲ್ಲಿಯ ಖೋಸಾ ಭಾಷೆಯ ಹೆಸರಿಟ್ಟಿದ್ದಾರೆ. ಆ ಹೆಸರಿನ ಮೊದಲನೆಯ ಅಕ್ಷರವನ್ನು ಉಸಿರಿನಿಂದ ನುಡಿಯುವುದಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ, ಸೀಸೆಯ ಬಿರಡೆ ಕಿತ್ತಂತೆ ‘ಟಕ್’ ಎಂದು ಕೆಳಗಿಳಿಸಬೇಕು. ನನ್ನಿಂದ ಅದನ್ನು ಹೇಳಿಸಲು ಅವನು ಬಹಳ ಪ್ರಯತ್ನಪಟ್ಟನು. ನನ್ನ ಕಟ್ಟಿಸಿದ ಹಲ್ಲುಗಳು ಒಪ್ಪಲಿಲ್ಲ.

“ಸರ್, ನೀವು ನಮಗ ಕನ್ನಡ ಕಲಿಸಿದವರು. ರಷ್ಯನ್ ಮತ್ತ ಖೋಸಾ, ಇವೆರಡರೊಳಗ ನಮ್ಮ ಕನ್ನಡಕ್ಕ ಯಾವುದು ಹತ್ತರ ರೀ?” ಎಂದು ಅವನು ಕೇಳಿದನು.

“ಯಾವುದೂ ಅಲ್ಲಪಾ” ಎಂದು ಆಗ ಉತ್ತರಿಸಿದೆ. ಉತ್ತರ ತಪ್ಪಲ್ಲ. ಆದರೆ ಅವನು ಹೋದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ನನ್ನನ್ನು ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ಇಲ್ಲಿ ಬರೆದಿದ್ದೇನೆ.

ತರಗತಿಯಲ್ಲಿ ಮಾಡುತ್ತಿದ್ದಂತೆ ಒಂದು ಸಣ್ಣ ವಾಕ್ಯವನ್ನು ತೆಗೆದುಕೊಳ್ಳೋಣ: ‘ಇದು ನಮ್ಮ ಮನೆ.’ ರಷ್ಯನ್ನಿನಲ್ಲಿ ಇದನ್ನು ‘ಎತೊ ನಾಶ್ ದೋಮ್’ ಎನ್ನುತ್ತಾರೆ. ಎತೊ ಎಂದರೆ ಇದು, ನಾಶ್ ಎಂದರೆ ನಮ್ಮ, ದೋಮ್ ಎಂದರೆ ಮನೆ. ಇಂಗ್ಲಿಷಿನಲ್ಲಿ ತಪ್ಪದೆ ಬರುವ ‘ಈಸ್’ ಇಲ್ಲಿ ಇಲ್ಲ. ನಮ್ಮ ಗ್ರಾಂಥಿಕ ಕನ್ನಡದಲ್ಲಿಯೂ ಇಲ್ಲ. ಪದಕ್ಕೆ ಪದ ಕೂಡುತ್ತದೆ! ಖೋಸಾದ ದಾರಿಯೇ ಬೇರೆ. ಅಲ್ಲಿ ಮನೆಗೆ ‘ಇಂಡ್ಲು’ ಎಂದು ಹೆಸರು. ‘ಮನೆಯಾಗಿದೆ’ ಎನ್ನಲು ಆ ಪದದ ತಲೆಗೇ ಒಂದು ಅಕ್ಷರವನ್ನು ಅಂಟಿಸಿ ‘ಯಿಂಡ್ಲು’ ಎನ್ನುತ್ತಾರೆ. ನಾವು ಬಾಲಕ್ಕೆ ಪ್ರತ್ಯಯ ಹಚ್ಚುವವರು, ಅವರು ತಲೆಗೆ ಹಚ್ಚುವವರು. ಒಬ್ಬ ಮನುಷ್ಯನಿದ್ದರೆ ‘ಉಮ್‌ಂಟು’, ಹಲವರಿದ್ದರೆ ‘ಅಬಂಟು’. ಬಂಟು ಭಾಷಾಕುಟುಂಬಕ್ಕೆ ಆ ಹೆಸರು ಬಂದದ್ದು ಇಂಥ ಪದದಿಂದಲೇ.

ಹಾಗಾದರೆ ಕನ್ನಡವು ರಷ್ಯನ್ನಿಗೆ ಹತ್ತಿರವೇ? ಇಲ್ಲ. ಒಂದು ವಾಕ್ಯ ಕೂಡಿದ ಮಾತ್ರಕ್ಕೆ ಬೀಗತನವಾಗುವುದಿಲ್ಲ. ರಕ್ತಸಂಬಂಧವನ್ನು ನೋಡಬೇಕಾದರೆ ಎಣಿಕೆಯ ಪದಗಳನ್ನು, ಮನೆಯೊಳಗಿನ ಪದಗಳನ್ನು ನೋಡಬೇಕು. ರಷ್ಯನ್ನಿನಲ್ಲಿ ಎರಡು ‘ದ್ವಾ’, ಮೂರು ‘ತ್ರಿ’, ನಾಲ್ಕು ‘ಚೆತಿರೆ’. ಬಾಗಿಲು ‘ದ್ವೇರ್’, ಬೆಂಕಿ ‘ಅಗೋನ್’, ಸಹೋದರ ‘ಬ್ರಾತ್’. ಸಂಸ್ಕೃತದ ದ್ವಿ, ತ್ರಿ, ಚತುರ್, ದ್ವಾರ, ಅಗ್ನಿ, ಭ್ರಾತೃ ನಿಮಗೆ ಕೂಡಲೇ ನೆನಪಾಗಿರಬೇಕು. ಈ ನೆಂಟಸ್ತಿಕೆ ಸಂಸ್ಕೃತದ ವಂಶದಲ್ಲಿ ಹುಟ್ಟಿದ ಮರಾಠಿಗೂ ಸಲ್ಲುತ್ತದೆ: ದೋನ್, ತೀನ್, ಚಾರ್, ದಾರ್, ಭಾವೂ. ನಮ್ಮ ಎರಡು, ಮೂರು, ನಾಲ್ಕು, ಕದ, ಬೆಂಕಿ, ಅಣ್ಣ, ತಮ್ಮ ಎಂಬವುಗಳಿಗೆ ಆ ಮನೆತನದಲ್ಲಿ ಜಾಗವಿಲ್ಲ.

ಅಂದರೆ, ಮೀರಜಿನ ಪೇಟೆಯಲ್ಲಿ ಕೇಳಿಬರುವ ಮರಾಠಿಯು ಸಾವಿರಾರು ಮೈಲಿ ದೂರದ ಮಾಸ್ಕೋದ ಭಾಷೆಗೆ ದಾಯಾದಿ. ಪಕ್ಕದ ಜಮಖಂಡಿಯ ಕನ್ನಡಕ್ಕೆ ವಂಶದಿಂದ ಏನೂ ಅಲ್ಲ. ಪುಸ್ತಕದ ಪ್ರಕಾರ ಮರಾಠಿಗೂ ಕನ್ನಡಕ್ಕೂ ಇರುವ ಅಂತರವು ರಷ್ಯನ್ನಿಗೂ ಖೋಸಾಕ್ಕೂ ಇರುವಂಥದೇ. ಮದ್ರಾಸಿನಲ್ಲಿದ್ದ ಎಲ್ಲಿಸ್ ಎಂಬ ಅಧಿಕಾರಿ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು 1816ರಲ್ಲಿಯೇ ತೋರಿಸಿದ್ದನು. 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿ ತನ್ನ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಕುಟುಂಬವನ್ನು ಗಟ್ಟಿಯಾಗಿ ಸ್ಥಾಪಿಸಿದನು. ನಾನೂ ನಿಮಗೆ ಹಾಗೆಯೇ ಕಲಿಸಿದೆ. ಎರಡು ವೃಕ್ಷಗಳ ಚಿತ್ರ ಬರೆದು, ಒಂದರ ಕೊಂಬೆ ಇನ್ನೊಂದಕ್ಕೆ ತಾಗದಂತೆ ನಡುವೆ ಸುಣ್ಣದಕಡ್ಡಿಯಿಂದ ಗೆರೆ ಎಳೆಯುತ್ತಿದ್ದೆ.

ಆದರೆ ನನ್ನ ಸ್ವಂತ ಮನೆಯಲ್ಲಿ ಆ ಗೆರೆ ಇರಲಿಲ್ಲ. ನನ್ನ ತಾಯಿಯ ತವರು ಜಮಖಂಡಿ. ಅದು ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ಇಂದು ಜೋಡಿ ಹೆಸರಿನಿಂದ ಕರೆಯುವ ರಬಕವಿ-ಬನಹಟ್ಟಿಗಳಲ್ಲಿ ಬನಹಟ್ಟಿ ಜಮಖಂಡಿಗೂ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ನಮ್ಮ ಬೀಳಗಿ ಮಾತ್ರ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ, ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿಯೊಳಗೆ ಇಷ್ಟು ಸರಕಾರಗಳು! ಸಂಸ್ಥಾನಗಳ ದರಬಾರದ ಭಾಷೆ ಮರಾಠಿ, ದಫ್ತರದ ಲಿಪಿ ಮೋಡಿ, ಹೊಲದ ಮತ್ತು ಮಗ್ಗದ ಭಾಷೆ ಕನ್ನಡ. ಆದಿಕವಿ ಪಂಪನ ತರುವಾಯ ಹೆಸರಿಸಬೇಕಾದ ರನ್ನನು ಕ್ರಿ.ಶ. 949ರಲ್ಲಿ ಹುಟ್ಟಿದ ಮುಧೋಳದಲ್ಲಿಯೇ ಶತಮಾನಗಳ ನಂತರ ಕನ್ನಡದಲ್ಲಿ ಒಂದು ಅರ್ಜಿ ಕೊಡಲು ಜನ ಹಿಂಜರಿಯಬೇಕಾಯಿತೆಂಬುದನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು (1834-1881) ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ಎಬ್ಬಿಸಿ ನಿಲ್ಲಿಸದಿದ್ದರೆ, 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟದಿದ್ದರೆ, ನನ್ನಂಥವನು ಕನ್ನಡದ ಮಾಸ್ತರನಾಗುವ ಪ್ರಸಂಗವೇ ಬರುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ನಾವೆಲ್ಲರೂ ಮೈಸೂರು ರಾಜ್ಯಕ್ಕೆ ಸೇರಿದೆವು.

ಇಷ್ಟಾದರೂ ನನ್ನ ಜಮಖಂಡಿಯ ಅಜ್ಜಿಗೆ ಮರಾಠಿಯು ದರಬಾರದ ಭಾಷೆಯಾಗಿ ಎಂದೂ ಕಂಡಿರಲಿಲ್ಲ. ಆಕೆ ರೊಕ್ಕವನ್ನು ಮರಾಠಿಯಲ್ಲಿ ಎಣಿಸುತ್ತಿದ್ದಳು, ಹೊಲದ ಸಾಲನ್ನು ಕನ್ನಡದಲ್ಲಿ. ಮಕ್ಕಳಿಗೆ ಬೈಯುವುದು ಕನ್ನಡದಲ್ಲಿ, ಕುಂಕುಮ ಹಚ್ಚಿಸಿಕೊಳ್ಳಲು ಬಂದ ಪಕ್ಕದ ಮನೆಯ ವೈನಿಯೊಡನೆ ಮಾತು ಮರಾಠಿಯಲ್ಲಿ. ‘ವೈನಿ’ ಎಂಬ ಮಾತೇ ಮರಾಠಿಯದು. ನಮ್ಮ ಕಾಕಾ, ಮಾಮಾ, ಖೋಲಿ, ಪಾಟಿ, ತಾಟು, ಚಹಾ ಇವೆಲ್ಲ ಆ ಮನೆಯಿಂದ ನಮ್ಮ ಮನೆಗೆ ಬಂದವು. ಅತ್ತ ನಮ್ಮ ತುಪ್ಪ ಹೋಗಿ ಅವರ ‘ತೂಪ್’ ಆಯಿತು, ಅಡಕೊತ್ತು ‘ಅಡಕಿತ್ತಾ’ ಆಯಿತು, ಉಪ್ಪಿಟ್ಟು ‘ಉಪೀಟ್’ ಆಯಿತು. ಅವರ ‘ಥಾಲೀಪೀಠ’ ಇಲ್ಲಿಗೆ ಬಂದು ‘ತಾಲಿಪಟ್ಟು’ ಆಯಿತು. ಪೀಠ ಎಂದರೆ ಹಿಟ್ಟೆಂಬುದು ನಮಗೆ ತಿಳಿಯಲಿಲ್ಲ, ತಟ್ಟಿ ಮಾಡುವುದರಿಂದ ಪಟ್ಟೆಂದುಕೊಂಡೆವೇನೋ; ರುಚಿಗೆ ಕೊರತೆಯಾಗಲಿಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ, ರಷ್ಯನ್ನರ ‘ಬ್ರಾತ್’ ಜೊತೆ ಹುಟ್ಟಿದ ‘ಭಾವೂ’ ಮನೆಯಲ್ಲಿಯೇ ಇದ್ದರೂ ಮರಾಠಿಗರು ಹಿರಿಯ ಸಹೋದರನನ್ನು ಪ್ರೀತಿಯಿಂದ ಕರೆಯುವುದು ‘ಅಣ್ಣಾ’ ಎಂದು, ಹಿರಿಯ ಸಹೋದರಿಯನ್ನು ‘ಅಕ್ಕಾ’ ಎಂದು.

ಪದಗಳ ಕೊಡುಕೊಳ್ಳುವಿಕೆ ದೊಡ್ಡ ಸಂಗತಿಯಲ್ಲ. ಸಂತೆಗೆ ಹೋದವರೆಲ್ಲರೂ ಅದನ್ನು ಮಾಡುತ್ತಾರೆ. ವಾಕ್ಯದ ಎಲುಬಿನ ಗೂಡೇ ಒಂದಾಗಿರುವುದು ದೊಡ್ಡ ಸಂಗತಿ. ‘ನಾಳೆ ಬರತೇನಿ ಅಂತ ಹೇಳಿದ’ ಎಂದು ನಾವೆನ್ನುತ್ತೇವೆ. ‘ಉದ್ಯಾ ಯೇತೋ ಮ್ಹಣೂನ್ ಸಾಂಗಿತಲಂ’ ಎಂದು ಮರಾಠಿಗರೆನ್ನುತ್ತಾರೆ. ನಮ್ಮ ‘ಎಂದು’ ಎಂಬುದು ‘ಎನ್’ ಧಾತುವಿನಿಂದ, ಅವರ ‘ಮ್ಹಣೂನ್’ ಎಂಬುದು ‘ಹೇಳು’ ಎಂಬರ್ಥದ ಅವರ ಧಾತುವಿನಿಂದ ಆದವು. ಎರಡರ ಮೂಲಾರ್ಥವೂ ‘ಹೇಳಿ’ ಎಂದೇ. ನಾವು ‘ಅಂದರೆ’ ಎನ್ನುವಲ್ಲಿ ಅವರು ‘ಮ್ಹಣಜೇ’ ಎನ್ನುತ್ತಾರೆ. ಅದೂ ಅದೇ ಧಾತು. ಸಂಸ್ಕೃತದಲ್ಲಿಯೂ ‘ಇತಿ’ ಇದೆಯಲ್ಲವೇ ಎಂದು ಪಂಡಿತರು ಕೇಳಬಹುದು. ಇದೆ, ಆದರೆ ಅದು ಹೇಳುವಿಕೆಯ ಕ್ರಿಯಾಪದದಿಂದ ಆದದ್ದಲ್ಲ. ‘ಪಲ್ಲೆ ಸ್ವಲ್ಪ ಕೊಯ್ದು ತಗೊಂಡು ಬಂದೆ’ ಎಂಬುದನ್ನು ‘ಭಾಜೀ ಥೋಡೀ ಕಾಪೂನ್ ಘೇಊನ್ ಆಲೋ’ ಎಂದು ಮರಾಠಿಗೆ ತರಲು ಒಂದು ಪದವನ್ನೂ ಅದರ ಜಾಗದಿಂದ ಕದಲಿಸಬೇಕಿಲ್ಲ. ರಷ್ಯನ್ನಿಗೆ ತರುವಾಗ ಸಾಮಾನ್ಯವಾಗಿ ‘ಕೊಯ್ದೆ ಮತ್ತು ತಂದೆ’ ಎಂದು ಎರಡು ತುಂಡು ಮಾಡುತ್ತಾರೆ.

ಇನ್ನೊಂದು ಉದಾಹರಣೆ ಹೇಳದೆ ಮುಂದೆ ಹೋಗಲಾರೆ. ಕೇಳುವವನನ್ನು ಸೇರಿಸಿಕೊಂಡ ‘ನಾವು’, ಅವನನ್ನು ಬಿಟ್ಟ ‘ನಾವು’ ಎಂದು ತಮಿಳು ತೆಲುಗುಗಳು ಭೇದ ಮಾಡುತ್ತವೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ನಮ್ಮದೆಲ್ಲ ಒಂದೇ ‘ನಾವು’. ಮರಾಠಿಯಲ್ಲಿದೆ! ‘ಆಮ್ಹೀ’ ಎಂದರೆ ನಾವು ಮಾತ್ರ, ‘ಆಪಣ್’ ಎಂದರೆ ನೀವೂ ನಾವೂ ಕೂಡಿ. ದ್ರಾವಿಡರ ಮನೆಯ ಒಡವೆಯೊಂದನ್ನು ನಾವು ಕಳೆದುಕೊಂಡು ಕುಳಿತಿದ್ದರೆ ಆರ್ಯಭಾಷೆಯಾದ ಮರಾಠಿ ಅದನ್ನು ಧರಿಸಿಕೊಂಡು ಓಡಾಡುತ್ತಿದೆ.

ಇದೆಲ್ಲ ಹೇಗಾಯಿತು? ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡು ಗೋದಾವರಿಯವರೆಗೆ ಹಬ್ಬಿತ್ತೆಂದು ಹೇಳುತ್ತದೆ, ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಅದು ಹೆಸರಿಸುವ ಕಿಸುವೊಳಲು ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಪಂಢರಪುರವು ಹಳೆಯ ಶಾಸನದಲ್ಲಿ ‘ಪಂಡರಗೆ’ ಎಂಬ ಅಚ್ಚಗನ್ನಡದ ಹೆಸರಿನಿಂದ ಕಾಣಿಸುತ್ತದೆ. ಅಲ್ಲಿಯ ವಿಠ್ಠಲನನ್ನು ಕನ್ನಡಿಗನೆಂದು ಕರೆದದ್ದು ಮರಾಠಿಯ ಸಂತ ಜ್ಞಾನೇಶ್ವರರ ಹೆಸರಿನ ಅಭಂಗ. ಇದಕ್ಕೆ ಪ್ರತಿಯಾಗಿ, ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲೊಂದು ಇರುವುದು ಮಹಾರಾಷ್ಟ್ರದಲ್ಲಲ್ಲ, ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಬಳಿ, ಕನ್ನಡ ಮತ್ತು ತಮಿಳು ಬರಹಗಳ ಜೊತೆಗೆ. ಶಂ. ಬಾ. ಜೋಶಿಯವರು (1896-1991) ಮಹಾರಾಷ್ಟ್ರದ ಮೂಲಜನರೇ ಕನ್ನಡಿಗರೆಂದು ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ಆದರೆ ಎರಡು ಭಾಷೆಗಳನ್ನೂ ಬಲ್ಲ ಅಸಂಖ್ಯ ಜನರ ಬಾಯಲ್ಲಿ ಶತಮಾನಗಳ ಕಾಲ ಇವು ಕೂಡಿ ಬೆಳೆದವೆಂಬುದಕ್ಕೆ ಮರಾಠಿಯ ವ್ಯಾಕರಣವೇ ಸಾಕ್ಷಿ. ಮರಾಠಿ ಮನೆಮಾತಿನ ಬೇಂದ್ರೆಯವರು ಕನ್ನಡದ ವರಕವಿಗಳಾದರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರ ಮೇಲೆ 1933ರಲ್ಲಿ ದೊಡ್ಡ ಗ್ರಂಥವನ್ನು ಬರೆದರು. ಕನ್ನಡದ ಶರಣರು ಮತ್ತು ದಾಸರ ಮೇಲೂ ಅಷ್ಟೇ ಶ್ರದ್ಧೆಯಿಂದ ಬರೆದರು.

ಇಂಥ ನೆರೆಹೊರೆಗೆ ಹೆಸರು ಕೊಟ್ಟವನು, ನನ್ನ ವಿದ್ಯಾರ್ಥಿ ಕೇಳಿದರೆ ಸಂತೋಷಪಡುವಂತೆ, ಒಬ್ಬ ರಷ್ಯನ್. ಮಾಸ್ಕೋದಲ್ಲಿ 1890ರಲ್ಲಿ ಹುಟ್ಟಿ ಕ್ರಾಂತಿಯ ನಂತರ ವಿಯೆನ್ನಾ ಸೇರಿದ ನಿಕೊಲಾಯ್ ತ್ರುಬೆತ್ಸ್ಕೊಯ್ 1928ರಲ್ಲಿ ಹೇಗ್ ನಗರದ ಭಾಷಾವಿಜ್ಞಾನಿಗಳ ಸಮ್ಮೇಳನದಲ್ಲಿ, ಭಾಷೆಗಳನ್ನು ಕುಟುಂಬಗಳೆಂದು ವಿಂಗಡಿಸಿದರೆ ಸಾಲದು, ಕೂಟಗಳೆಂದೂ ಗುರುತಿಸಬೇಕೆಂದು ಹೇಳಿದನು. ಒಂದೇ ತಾಯಿಯ ಮಕ್ಕಳದು ಕುಟುಂಬ. ಒಂದೇ ಓಣಿಯಲ್ಲಿ ಬಾಳಿದವರದು ಕೂಟ. ಭಾರತವೇ ಅಂಥ ಒಂದು ಭಾಷಾಪ್ರದೇಶವೆಂದು, ನೀಲಗಿರಿಯ ತೋಡರ ಭಾಷೆಯನ್ನು ಅಭ್ಯಾಸ ಮಾಡಿದ್ದ ಎಮಿನೋ ಎಂಬ ವಿದ್ವಾಂಸರು ಬರೆದದ್ದು 1956ರಲ್ಲಿ. ಭಾಷೆಗೊಂದು ಗೆರೆ ಎಳೆದು ನಮ್ಮ ರಾಜ್ಯಗಳನ್ನು ಬೇರ್ಪಡಿಸಿದ ವರ್ಷವೂ ಅದೇ.

ಖೋಸಾಕ್ಕೂ ಇಂಥ ಓಣಿಯ ಕಥೆಯಿದೆ. ಅವರ ಆ ‘ಟಕ್’ ಎನ್ನುವ ಅಕ್ಷರಗಳು ಬಂಟು ಕುಟುಂಬದ ಆಸ್ತಿಯಲ್ಲ. ಆ ನಾಡಿನಲ್ಲಿ ಮೊದಲಿನಿಂದ ಇದ್ದ ಖೋಯ್ ಮತ್ತು ಸಾನ್ ಜನರ ಭಾಷೆಗಳಿಂದ ಬಂದವು. ಮೂರು ಬಗೆ ಮುಖ್ಯವಾದವು: ಒಂದು, ಅಯ್ಯೋ ಪಾಪವೆಂದು ನಾವು ಲೊಚಗುಟ್ಟುವ ಸದ್ದು, ಒಂದು, ಎತ್ತು ಹೊಡೆಯುವವರು ದವಡೆಯ ಪಕ್ಕದಲ್ಲಿ ತೆಗೆಯುವ ಸದ್ದು, ಇನ್ನೊಂದು ಬಿರಡೆಯ ಸದ್ದು. ‘ಖೋಸಾ’ ಎಂಬ ಹೆಸರೇ ಆ ಎತ್ತು ಹೊಡೆಯುವ ಸದ್ದಿನಿಂದ ಆರಂಭವಾಗುತ್ತದೆ. ನೆರೆಯವರ ಸದ್ದು ಇವರ ಭಾಷೆಯ ಒಳಮನೆಗೆ ಹೇಗೆ ಬಂತು? ಹೆಂಗಸರಿಂದ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಖೋಸಾ ಸೊಸೆಯು ಮಾವನ ಮತ್ತು ಅವನ ಹಿರಿಯರ ಹೆಸರನ್ನು ಹೇಳಬಾರದು. ಆ ಹೆಸರಿನ ಅಕ್ಷರಗಳು ಬರುವ ಬೇರೆ ಪದಗಳನ್ನೂ ನುಡಿಯಬಾರದು. ಈ ಪದ್ಧತಿಗೆ ‘ಹ್ಲೊನಿಫ’ ಎಂದು ಹೆಸರು. ನಿಷೇಧವಾದ ಪದದ ಬದಲಿಗೆ ನೆರೆಯವರ ಪದವನ್ನೋ ಅವರ ಸದ್ದನ್ನೋ ತಂದು ಕೂರಿಸಿದರಂತೆ.

ಇದನ್ನು ಓದುವಾಗ ನನಗೆ ನಮ್ಮ ಮದುವೆ ಮನೆಗಳು ಕಣ್ಣಮುಂದೆ ಬಂದವು. ನನ್ನ ತಾಯಿ ಬದುಕಿರುವವರೆಗೆ ನನ್ನ ತಂದೆಯ ಹೆಸರನ್ನು ನೇರವಾಗಿ ಹೇಳಲಿಲ್ಲ. ಅದೇ ಹೆಸರಿನ ಕಿರಾಣಿ ಅಂಗಡಿಯವನನ್ನು ‘ಮೂಲಿ ಅಂಗಡಿಯಾವ’ ಎನ್ನುತ್ತಿದ್ದಳು. ಹೆಸರು ಹೇಳಲೇಬೇಕಾದಾಗ, ಬಾಗಿಲಲ್ಲಿ ನಾದಿನಿಯರು ಅಡ್ಡ ನಿಂತಾಗ, ಒಡಪು ಹಾಕಿ ಅದರ ಪ್ರಾಸದಲ್ಲಿ ಹೆಸರನ್ನು ಹುದುಗಿಸಿ ಹೇಳುವ ಪದ್ಧತಿ ನಿಮಗೆಲ್ಲ ಗೊತ್ತು. ಮರಾಠಿಯಲ್ಲಿ ಇದೇ ‘ಉಖಾಣಾ’. ನನ್ನ ಅಜ್ಜಿಗೆ ಎರಡೂ ಬರುತ್ತಿದ್ದವು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಒಡಪು ಕಟ್ಟಿ, ಕೂಡಿದ ಹೆಂಗಸರು ಎಲ್ಲಿ ನಗಬೇಕೋ ಅಲ್ಲಿ ಭಾಷೆ ಬದಲಿಸುತ್ತಿದ್ದಳು. ಭಾಷೆಗಳ ಗಡಿಯನ್ನು ಆಳುವವರು ಗಂಡಸರಾದರೂ ದಾಟಿಸಿದವರು ಬಹುಮಟ್ಟಿಗೆ ಸೊಸೆಯಂದಿರೆಂದು ನನ್ನ ನಂಬಿಕೆ.

ಇನ್ನು ಶೀರ್ಷಿಕೆಯ ಮಾತಿಗೆ ಬರುತ್ತೇನೆ. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ.

ಗ್ರಾಂಥಿಕ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ಸಾಕೆಂದು ಮೇಲೆ ಹೇಳಿದೆ. ‘ಮನೆ ಇಲ್ಲಿದೆ’ ಎಂಬಲ್ಲಿ ‘ಇದೆ’ ಬೇಕು. ‘ಇದು ಮನೆ’ ಎಂಬಲ್ಲಿ ಬೇಡ. ನಮ್ಮ ಕಡೆಯ ಬಾಯಲ್ಲಿ ಅದು ‘ಇದು ನಮ್ಮ ಮನಿ ಐತಿ’, ‘ಅವರು ಮಾಸ್ತರ ಅದಾರ’ ಎಂದಾಗುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಆ ‘ಐತಿ’ಗಳನ್ನು ಕೆಂಪು ಮಸಿಯಿಂದ ಹೊಡೆದುಹಾಕಿದೆ. 1980ರ ದಶಕದಲ್ಲಿ ನೇಕಾರರ ಮನೆಯ ಒಬ್ಬ ಹುಡುಗಿ ‘ನಮ್ಮ ಮನೆ’ ಎಂಬ ನಿಬಂಧವನ್ನು ಎರಡು ಪುಟ ಬರೆದಿದ್ದಳು: ಮಗ್ಗದ ಕುಣಿ, ತಂದೆಯ ಕೆಮ್ಮು, ಲಾಳಿಯ ಸದ್ದು ನಿಂತರೆ ಮನೆಯಲ್ಲಿ ಎಲ್ಲರೂ ಎಚ್ಚರಾಗುವುದು. ಅಷ್ಟು ಒಳ್ಳೆಯ ನಿಬಂಧ ಆ ವರ್ಷ ಇನ್ನೊಂದು ಬರಲಿಲ್ಲ. ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಒಂದೊಂದು ‘ಐತಿ’ ಬಂದಾಗಲೂ ನಿಲ್ಲಿಸಿ, “ಇದು ಕನ್ನಡವೇ?” ಎಂದು ಕೇಳಿದೆ. ಮಕ್ಕಳು ನಕ್ಕರು. ಆಮೇಲೆ ಆಕೆ ಎಂದೂ ಒಂದು ಪುಟಕ್ಕಿಂತ ಹೆಚ್ಚು ಬರೆಯಲಿಲ್ಲ. ತಪ್ಪಿಲ್ಲದ, ಸಪ್ಪೆಯಾದ ವಾಕ್ಯಗಳು.

ನಿವೃತ್ತಿಯ ನಂತರ ಓದಿದ ಒಂದು ಲೇಖನದಲ್ಲಿ ಆ ‘ಐತಿ’ ನನ್ನೆದುರು ಬಂದು ನಿಂತಿತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಲೋಕದೆಲ್ಲೆಡೆ ಓದುವಂಥದು. ಅದರ ಊರು ಸಾಂಗಲಿ ಜಿಲ್ಲೆಯ ಕುಪವಾಡ, ಮೀರಜಿನ ನೆರೆಯದು. ಆಗ ಸುಮಾರು 3,000 ಜನವಸತಿಯ ಹಳ್ಳಿ. ಜೈನರು ಮತ್ತು ಲಿಂಗಾಯತರ ಮನೆಯಲ್ಲಿ ಕನ್ನಡ, ಮುಸಲ್ಮಾನರ ಮನೆಯಲ್ಲಿ ಉರ್ದು, ದಲಿತರ ಮತ್ತು ಕೂಲಿಕಾರರ ಮನೆಯಲ್ಲಿ ಮರಾಠಿ, ಹಗ್ಗ ಹೊಸೆಯುವವರ ಮನೆಯಲ್ಲಿ ತೆಲುಗು. ಗಂಡಸರಲ್ಲಿ ಬಹುತೇಕರು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಮನೆಮಾತನ್ನು ಯಾರೂ ಬಿಟ್ಟಿರಲಿಲ್ಲ, ಆದ್ದರಿಂದ ಪದಗಳು ಬೇರೆಯಾಗಿಯೇ ಉಳಿದಿದ್ದವು. ದಿನವೂ ಒಂದರಿಂದ ಇನ್ನೊಂದಕ್ಕೆ ಹೊರಳಿ ಹೊರಳಿ ವ್ಯಾಕರಣ ಮಾತ್ರ ಬಹುಮಟ್ಟಿಗೆ ಒಂದಾಗಿತ್ತು. ಶಿಷ್ಟ ಮರಾಠಿಯಲ್ಲಿ ದರವಾಜಾ ಪುಲ್ಲಿಂಗ, ಭಿಂತ್ ಎಂಬ ಗೋಡೆ ಸ್ತ್ರೀಲಿಂಗ, ಘರ್ ನಪುಂಸಕ. ಕುಪವಾಡದ ಮರಾಠಿಯು ಆ ತೊಡಕನ್ನು ಬಿಟ್ಟು ಕನ್ನಡದಂತೆ ಜೀವವಿಲ್ಲದವನ್ನೆಲ್ಲ ನಪುಂಸಕ ಮಾಡಿಕೊಂಡಿತ್ತು. ಕುಪವಾಡದ ಕನ್ನಡವೋ, ಮರಾಠಿಯ ‘ಹೇ ಆಮಚಂ ಘರ್ ಆಹೇ’ ಎಂಬುದರ ಜೊತೆ ಬಾಳಿ ಬಾಳಿ, ‘ಮನೆ’ಯ ಮುಂದೆ ಒಂದು ‘ಐತಿ’ಯನ್ನು ಇಟ್ಟುಕೊಂಡಿತ್ತು.

ನಾನು ಅಜ್ಞಾನವೆಂದು ಹೊಡೆದುಹಾಕಿದ್ದು ಇದನ್ನು. ಆ ಹುಡುಗಿಯ ಪೂರ್ವಿಕರು ಸೋಲಾಪುರ, ಇಚಲಕರಂಜಿಗಳ ಪೇಟೆಗೆ ಸೀರೆ ಹೊತ್ತು ನಡೆದು ಗಳಿಸಿಕೊಂಡು ಬಂದ ಕ್ರಿಯಾಪದ ಅದು. ಪರೀಕ್ಷೆಯಲ್ಲಿ ಗ್ರಾಂಥಿಕ ಭಾಷೆ ಬೇಕು, ಅದನ್ನು ಕಲಿಸಲೇಬೇಕಿತ್ತು, ಈಗಲೂ ಕಲಿಸಬೇಕೆಂದೇ ಹೇಳುತ್ತೇನೆ. ಆದರೆ “ಇದು ಬರವಣಿಗೆಯ ರೂಪ, ಅದು ನಿಮ್ಮ ಮನೆಯ ರೂಪ” ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು.

ಕುಪವಾಡ ಈಗ ಹಳ್ಳಿಯಾಗಿ ಉಳಿದಿಲ್ಲ. ಸಾಂಗಲಿ-ಮೀರಜ-ಕುಪವಾಡ ಮಹಾನಗರಪಾಲಿಕೆಯೊಳಗೆ ಸೇರಿಹೋಗಿದೆ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿಯವರು ದಶಕಗಳ ನಂತರ ಅದೇ ಊರಿನ ಭಾಷೆಗಳನ್ನು ಮತ್ತೆ ಅಭ್ಯಸಿಸಿದರು. ಶಾಲೆ ಮತ್ತು ಸರಕಾರದ ಬಲದಿಂದ ಅಲ್ಲಿ ಮರಾಠಿಯ ಕೈ ಮೇಲಾಗಿದೆ. ಇತ್ತ ನಮ್ಮ ಜಮಖಂಡಿಯ ಹಳೆಯ ಮನೆಗಳಲ್ಲಿ ಮೋಡಿ ಓದಬಲ್ಲವರು ಸಿಗುವುದು ಕಷ್ಟ. ನನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಮೋಡಿ ಕಾಗದ ನನ್ನ ಮೇಜಿನ ಮೇಲಿದೆ. ಅದರಲ್ಲಿ ಎರಡು ಹೆಸರು ಮತ್ತು ಒಂದು ಬಾವಿಯ ಮಾತು ಇದೆಯೆಂಬಷ್ಟನ್ನು ಮಾತ್ರ ಬಿಡಿಸಿಕೊಂಡಿದ್ದೇನೆ.

ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಎರಡು ಭಾಷೆ ಬೆರೆತ ಒಡಪುಗಳು ನೆನಪಿದ್ದರೆ ಕೇಳಿ ಬರೆದುಕೊಳ್ಳಿರಿ, ನನಗೂ ಒಂದು ಪ್ರತಿ ಕಳಿಸಿರಿ. ಅವರು ಹೇಳಿದಂತೆಯೇ ಬರೆಯಿರಿ, ತಿದ್ದಬೇಡಿರಿ. ಆ ನಿಬಂಧ ಬರೆದವಳು ಎಲ್ಲಿದ್ದಾಳೆಂದು ಬನಹಟ್ಟಿಯ ಕಡೆಯವರಿಗೆ ಗೊತ್ತಿದ್ದರೆ, ಮಾಸ್ತರರು ಆ ಎರಡು ಪುಟಗಳನ್ನು ಮರೆತಿಲ್ಲವೆಂದು ಆಕೆಗೆ ತಿಳಿಸಿರಿ.